ಗ್ರಾಫಿಕ್ಸ್ ಡ್ರೈವರಿನ ವಲಸೆ: ಫ್ರೀಬಿಎಸ್‌ಡಿ ಹಿಂದೆ ಬಿದ್ದದ್ದು ಯಾವಾಗ, ಏಕೆ?

ಹೊಸ ಲ್ಯಾಪ್‌ಟಾಪಿಗೆ ಫ್ರೀಬಿಎಸ್‌ಡಿ ಹಾಕಿದವರ ದೂರು ಬಹುಪಾಲು ಒಂದೇ ಬಗೆಯದು. ಡಿಸ್ಕ್ ಸರಿ, ಕೀಲಿಮಣೆ ಸರಿ, ನೆಟ್‌ವರ್ಕ್ ಕೇಬಲ್ ಚುಚ್ಚಿದರೆ ಅದೂ ಸರಿ, ಪರದೆಯದೇ ತಕರಾರು. ಬೂಟ್ ಆದಾಗ ಸಿಕ್ಕ ರೆಸಲ್ಯೂಷನ್ನಿನಲ್ಲೇ ಅದು ಅಂಟಿಕೊಂಡಿರುತ್ತದೆ, ಎರಡನೇ ಮಾನಿಟರ್ ಕಾಣಿಸುವುದಿಲ್ಲ, ಬೆಳಕು ತಗ್ಗಿಸಲು ಬರುವುದಿಲ್ಲ, ಮುಚ್ಚಳ ಮುಚ್ಚಿ ತೆರೆದರೆ ಬರೀ ಕಪ್ಪು. ಇದಕ್ಕೆ ಸಿಗುವ ವಿವರಣೆಯೂ ಒಂದೇ: ಬಳಸುವವರು ಕಡಿಮೆ, ಆದ್ದರಿಂದ ಕಾರ್ಡ್ ತಯಾರಕರಿಗೆ ಆಸಕ್ತಿ ಇಲ್ಲ. ಈ ವಿವರಣೆಯಲ್ಲಿ ಸತ್ಯವಿದೆ, ಆದರೆ ಇಸವಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಅದು ಸಾಲುವುದಿಲ್ಲ. 2000ದಲ್ಲೂ ಫ್ರೀಬಿಎಸ್‌ಡಿಯನ್ನು ಮೇಜಿನ ಮೇಲೆ ಬಳಸುವವರು ಕಡಿಮೆಯೇ ಇದ್ದರು. ಆಗ ಅದರ ಗ್ರಾಫಿಕ್ಸ್ ಬೆಂಬಲ ಲಿನಕ್ಸಿನದಕ್ಕೆ ಹೆಚ್ಚುಕಡಿಮೆ ಸಮನಾಗಿತ್ತು. ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಅದು ಎರಡು ಮೂರು ವರ್ಷಗಳಷ್ಟು ಹಿಂದೆ ಬಿದ್ದಿತ್ತು. ಮೊದಲೂ ಕಡಿಮೆ, ಆಮೇಲೂ ಕಡಿಮೆ ಇದ್ದ ಬಳಕೆದಾರರ ಸಂಖ್ಯೆ ಈ ಇಳಿತವನ್ನು ವಿವರಿಸಲಾರದು. ಆ ನಡುವೆ ಬದಲಾದದ್ದು ಡ್ರೈವರ್ ಕೋಡ್ ಇರುವ ಜಾಗ ಎಂಬುದು ಈ ಟಿಪ್ಪಣಿಯ ವಾದ.

ಮೊದಲಿನ ಜಾಗ ಯಾವುದಾಗಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ತೊಂಬತ್ತರ ದಶಕದ ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ಜತೆ ಮಾತಾಡುತ್ತಿದ್ದುದು ಕರ್ನಲ್ ಅಲ್ಲ, ಎಕ್ಸ್ ಸರ್ವರ್. ಪಿಸಿಗಳ ಮಟ್ಟಿಗೆ ಎಕ್ಸ್‌ಫ್ರೀ86 ಎಂಬ ಯೋಜನೆ. ಈ ಸರ್ವರ್ ರೂಟ್ ಅಧಿಕಾರದಲ್ಲಿ ಓಡುತ್ತಿತ್ತು. ಕಾರ್ಡಿನ ರಿಜಿಸ್ಟರುಗಳನ್ನು ತನ್ನ ವಿಳಾಸವಲಯಕ್ಕೆ ತಾನೇ ಎಳೆದುಕೊಂಡು, ಯಾವ ರೆಸಲ್ಯೂಷನ್, ಎಷ್ಟು ಹರ್ಟ್ಸ್ ಎಂಬುದನ್ನು ತಾನೇ ಬರೆಯುತ್ತಿತ್ತು. ಕರ್ನಲ್ ಮಾಡಬೇಕಾದದ್ದು ದಾರಿ ಬಿಡುವುದಷ್ಟೇ. ಹಾಗಾಗಿ ಡ್ರೈವರಿನ ದೃಷ್ಟಿಯಲ್ಲಿ ಕೆಳಗಿರುವುದು ಲಿನಕ್ಸೋ ಫ್ರೀಬಿಎಸ್‌ಡಿಯೋ ಸೋಲಾರಿಸೋ ಎಂಬುದು ದೊಡ್ಡ ಪ್ರಶ್ನೆಯೇ ಆಗಿರಲಿಲ್ಲ. 2000ದ ಮಾರ್ಚಿನಲ್ಲಿ ಬಂದ ಎಕ್ಸ್‌ಫ್ರೀ86 4.0 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮೆಟ್ರೋ ಲಿಂಕ್ ಕಂಪನಿ ಕೊಟ್ಟ ಮಾಡ್ಯೂಲ್ ಲೋಡರ್ ಅದರಲ್ಲಿತ್ತು. ಪ್ರೊಸೆಸರ್ ಒಂದೇ ಜಾತಿಯದಾಗಿದ್ದರೆ ಸಾಕು, ಕಂಪೈಲ್ ಆದ ಅದೇ ಡ್ರೈವರ್ ಕಡತ ಬೇರೆಬೇರೆ ಆಪರೇಟಿಂಗ್ ಸಿಸ್ಟಂಗಳಲ್ಲಿ ಹಾಗೆಯೇ ಲೋಡ್ ಆಗುತ್ತಿತ್ತು. ಸೋರ್ಸ್ ಹಂಚಿಕೊಳ್ಳುವುದು ಬೇರೆ ಮಾತು. ಇಲ್ಲಿ ಬೈನರಿಯೇ ಹಂಚಿಕೆಯಾಗುತ್ತಿತ್ತು. ಇಂದಿನ ಓದುಗರಿಗೆ ಇದು ನಂಬಲು ಕಷ್ಟವಾಗಬಹುದು.

ಈ ಏರ್ಪಾಟನ್ನು ಹೊಗಳಲು ಹೊರಟಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅದು ಭಯಂಕರವಾಗಿತ್ತು. ಎಕ್ಸ್ ಸರ್ವರ್ ಕುಸಿದರೆ ಪರದೆ ಅರ್ಧದಲ್ಲೇ ನಿಂತು ಯಂತ್ರವನ್ನೇ ಮತ್ತೆ ಚಾಲೂ ಮಾಡಬೇಕಾಗುತ್ತಿತ್ತು. ಕರ್ನಲ್ ತನ್ನ ಕೊನೆಯ ದೋಷಸಂದೇಶವನ್ನು ಪರದೆಗೆ ಬರೆಯಲೂ ಆಗುತ್ತಿರಲಿಲ್ಲ, ಏಕೆಂದರೆ ಪರದೆ ಯಾವ ಸ್ಥಿತಿಯಲ್ಲಿದೆ ಎಂಬುದೇ ಅದಕ್ಕೆ ಗೊತ್ತಿರುತ್ತಿರಲಿಲ್ಲ. ಆದರೂ ಸಣ್ಣ ವ್ಯವಸ್ಥೆಗಳಿಗೆ ಇದರಿಂದ ಲಾಭವಿತ್ತು: ಡ್ರೈವರುಗಳು ಯಾರೊಬ್ಬರ ಮನೆಯಲ್ಲೂ ಇರದೆ ಊರ ಛತ್ರದಲ್ಲಿ ಇದ್ದಂತೆ ಇದ್ದವು.

ಮೂರು ಆಯಾಮದ ಚಿತ್ರಣ ಬಂದಾಗ ಕರ್ನಲ್ಲಿನ ಒಳಗೂ ಸ್ವಲ್ಪ ಕೋಡ್ ಬೇಕಾಯಿತು. ಕಾರ್ಡಿಗೆ ಆಜ್ಞೆಗಳನ್ನು ಸಾಲಾಗಿ ಕಳಿಸಲು, ಒಂದಕ್ಕಿಂತ ಹೆಚ್ಚು ಪ್ರೋಗ್ರಾಂಗಳು ಒಂದೇ ಕಾರ್ಡನ್ನು ಹಂಚಿಕೊಳ್ಳಲು ಡಿಆರ್‌ಎಂ ಎಂಬ ಕರ್ನಲ್ ಭಾಗ ಹುಟ್ಟಿದ್ದು ಹೀಗೆ. ಇಲ್ಲಿಯೂ ಮೊದಲಿಗೆ ಹಂಚಿಕೆಯ ಪದ್ಧತಿಯೇ ಇತ್ತು. ಡಿಆರ್‌ಎಂ ಕೋಡಿನ ಭಂಡಾರದಲ್ಲಿ ಮೂರು ಡೈರೆಕ್ಟರಿಗಳಿದ್ದವು: ಲಿನಕ್ಸಿನದೊಂದು, ಬಿಎಸ್‌ಡಿಯದೊಂದು, ಇಬ್ಬರಿಗೂ ಸೇರಿದ್ದು ಇನ್ನೊಂದು. ಕಾರ್ಡಿಗೆ ಸಂಬಂಧಿಸಿದ ತಿಳಿವಳಿಕೆ ಬಹುತೇಕ ಮೂರನೆಯದರಲ್ಲಿ. ಫ್ರೀಬಿಎಸ್‌ಡಿ ಕಡೆಯ ಕೆಲಸವನ್ನು ಹೆಚ್ಚಾಗಿ ಮಾಡಿದವರು ಎರಿಕ್ ಆನ್‌ಹೋಲ್ಟ್. ಈ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ.

ವಲಸೆ ನಡೆದದ್ದು 2008ರ ಕೊನೆ ಮತ್ತು 2009ರಲ್ಲಿ. ಲಿನಕ್ಸ್ 2.6.28 (ಡಿಸೆಂಬರ್ 2008) ಜೆಮ್ ಎಂಬ ಗ್ರಾಫಿಕ್ಸ್ ಮೆಮೊರಿ ನಿರ್ವಾಹಕವನ್ನು ಒಳಗೊಂಡಿತು. 2.6.29 (ಮಾರ್ಚ್ 2009) ಇಂಟೆಲ್ ಕಾರ್ಡುಗಳಿಗೆ ಕೆಎಂಎಸ್ ತಂದಿತು. ಅಂದರೆ ಪರದೆಯ ವಿಧಾನವನ್ನು ನಿಗದಿ ಮಾಡುವ ಕೆಲಸ ಎಕ್ಸ್ ಸರ್ವರಿನಿಂದ ಕರ್ನಲ್ಲಿಗೆ ಹೋಯಿತು. ಅದೇ ವರ್ಷ ಸೆಪ್ಟೆಂಬರಿನ 2.6.31ರಲ್ಲಿ ರೇಡಿಯಾನ್ ಕಾರ್ಡುಗಳ ಸರದಿ. ತಾಂತ್ರಿಕವಾಗಿ ಇದು ಸರಿಯಾದ ನಿರ್ಧಾರ ಎಂಬುದರಲ್ಲಿ ಸಂಶಯವಿಲ್ಲ. ಬೂಟ್ ಆಗುವಾಗಿನ ಮಿಣುಕು ಹೋಯಿತು, ಲ್ಯಾಪ್‌ಟಾಪನ್ನು ಮಲಗಿಸಿ ಎಬ್ಬಿಸುವುದು ನಂಬಿಕೆಗೆ ತಕ್ಕದ್ದಾಯಿತು, ಎಕ್ಸ್ ಸರ್ವರನ್ನು ರೂಟ್ ಅಧಿಕಾರವಿಲ್ಲದೆ ಓಡಿಸುವ ದಾರಿ ತೆರೆಯಿತು. ಆದರೆ ಜೆಮ್ ತನ್ನ ಪುಟಗಳಿಗೆ ಆಸರೆಯಾಗಿ ಹಿಡಿದದ್ದು ಲಿನಕ್ಸಿನದೇ ಹಂಚಿಕೆ-ಮೆಮೊರಿಯ ಕಡತ ವ್ಯವಸ್ಥೆಯನ್ನು. ಡ್ರೈವರ್ ಈಗ ಲಿನಕ್ಸಿನ ವರ್ಚುವಲ್ ಮೆಮೊರಿಯೊಳಗೆ ಬೇರು ಬಿಟ್ಟಿತು. ಹಂಚಿಕೆಯ ಡೈರೆಕ್ಟರಿಗಳು ಪಾಳುಬಿದ್ದವು. ಬೆಳವಣಿಗೆ ಲಿನಕ್ಸ್ ಕರ್ನಲ್ಲಿನ ಸ್ವಂತ ಭಂಡಾರಕ್ಕೆ ಸ್ಥಳಾಂತರವಾಯಿತು.

ಇದನ್ನು ಬಿಎಸ್‌ಡಿ ವಿರುದ್ಧದ ಸಂಚು ಎಂದು ಓದುವವರಿದ್ದಾರೆ. ಆ ಓದಿಗೆ ಆಧಾರವಿಲ್ಲ. ಕೀತ್ ಪ್ಯಾಕಾರ್ಡ್ ಜತೆ ಜೆಮ್ ರೂಪಿಸಿದವರು ಆಗ ಇಂಟೆಲ್‌ನಲ್ಲಿದ್ದ ಅದೇ ಎರಿಕ್ ಆನ್‌ಹೋಲ್ಟ್. ಫ್ರೀಬಿಎಸ್‌ಡಿಗೆ ಡಿಆರ್‌ಎಂ ತಂದವರ ಕೈಯಿಂದಲೇ ಫ್ರೀಬಿಎಸ್‌ಡಿಗೆ ಸುಲಭದಲ್ಲಿ ದಕ್ಕದ ವಿನ್ಯಾಸ ಬಂತು. ಸಂಬಳ ಕೊಡುವ ಕಂಪನಿಯ ಗ್ರಾಹಕರು ಲಿನಕ್ಸಿನಲ್ಲಿದ್ದರು, ಸಮಸ್ಯೆಗಳೂ ಲಿನಕ್ಸಿನಲ್ಲಿ ಎದುರಾದವು, ಪರಿಹಾರವೂ ಅಲ್ಲೇ ಆಯಿತು. ಅಷ್ಟೇ.

ಪರಿಣಾಮ ಕೂಡಲೇ ಕಾಣಲಿಲ್ಲ, ಏಕೆಂದರೆ ಹಳೆಯ ದಾರಿ ಕೆಲಕಾಲ ತೆರೆದೇ ಇತ್ತು. 2010ರ ಜನವರಿಯಲ್ಲಿ ಬಂದ ಎಕ್ಸ್ ಸರ್ವರಿನ ಇಂಟೆಲ್ ಡ್ರೈವರ್ 2.10 ಆ ದಾರಿಯನ್ನು ಮುಚ್ಚಿತು: ಕೆಎಂಎಸ್ ಇಲ್ಲದ ಕರ್ನಲ್ಲಿನಲ್ಲಿ ಅದು ಓಡುವುದೇ ಇಲ್ಲ. ಒಂದು ವರ್ಷದ ನಂತರ, 2011ರ ಜನವರಿಯಲ್ಲಿ, ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರುಗಳು ಮಾರುಕಟ್ಟೆಗೆ ಬಂದವು. ಅವುಗಳೊಳಗಿನ ಗ್ರಾಫಿಕ್ಸಿಗೆ ಹಳೆಯ ಬಗೆಯ ಡ್ರೈವರ್ ಎಂದೂ ಬರೆಯಲ್ಪಡಲಿಲ್ಲ. ಆ ಪೀಳಿಗೆಯ ಲ್ಯಾಪ್‌ಟಾಪಿನಲ್ಲಿ ಫ್ರೀಬಿಎಸ್‌ಡಿ ಬಳಸಿದವರಿಗೆ ಉಳಿದದ್ದು ವೆಸಾ ಡ್ರೈವರ್ ಒಂದೇ: ವೇಗವರ್ಧನೆ ಇಲ್ಲ, ಹೊರಗಿನ ಪರದೆಯ ನಿಯಂತ್ರಣ ಇಲ್ಲ. ಹಿಂದುಳಿಯುವಿಕೆಗೆ ಒಂದು ತಾರೀಖು ಹಾಕಲೇಬೇಕೆಂದರೆ ನಾನು ಈ ತಿಂಗಳನ್ನು ಹಾಕುತ್ತೇನೆ.

ಫ್ರೀಬಿಎಸ್‌ಡಿ ಫೌಂಡೇಷನ್ ಹಣ ಕೊಟ್ಟು ಕಾನ್‌ಸ್ಟಾಂಟಿನ್ ಬೆಲೌಸೊವ್ ಅವರಿಂದ ಇಂಟೆಲ್ ಡ್ರೈವರನ್ನು ಅಳವಡಿಸಿತು. ಅವರು ಕರ್ನಲ್ಲಿನ ವರ್ಚುವಲ್ ಮೆಮೊರಿ ಭಾಗವನ್ನು ಬಲ್ಲವರು ಎಂಬುದು ಆಕಸ್ಮಿಕವಲ್ಲ. ಕೆಲಸದ ಕಷ್ಟದ ಭಾಗ ಇದ್ದುದೇ ಅಲ್ಲಿ. ಕಾರ್ಡಿನ ಪುಟಗಳನ್ನು ಪ್ರೋಗ್ರಾಮುಗಳಿಗೆ ತೋರಿಸಿ, ಬೇಕೆಂದಾಗ ಮರಳಿ ಕಿತ್ತುಕೊಳ್ಳುವ ಸೌಕರ್ಯವನ್ನು ಮೊದಲು ಫ್ರೀಬಿಎಸ್‌ಡಿಯಲ್ಲಿ ಕಟ್ಟಬೇಕಿತ್ತು. ಇದು 2012ರ ಡಿಸೆಂಬರಿನ 9.1ರಲ್ಲಿ ಬಳಕೆದಾರರಿಗೆ ಸಿಕ್ಕಿತು. ಸಿಕ್ಕರೂ ಸಲೀಸಾಗಿರಲಿಲ್ಲ. ಕಂಪೈಲ್ ಮಾಡುವಾಗ ಹೊಸ ಎಕ್ಸ್ ಬೇಕು, ಕೆಎಂಎಸ್ ಬೇಕು ಎಂದು ಸೆಟ್ಟಿಂಗ್ ಕಡತದಲ್ಲಿ ಬೇರೆಬೇರೆಯಾಗಿ ಬರೆಯಬೇಕಿತ್ತು. ಅದಕ್ಕಿಂತ ಕಿರಿಕಿರಿಯದು ಇನ್ನೊಂದಿತ್ತು. ಫ್ರೀಬಿಎಸ್‌ಡಿಯ ಹಳೆಯ ಪಠ್ಯ ಕನ್ಸೋಲ್ ಸಿಸ್‌ಕಾನ್ಸಿಗೆ ಕೆಎಂಎಸ್ ಎಂದರೇನೆಂದೇ ಗೊತ್ತಿರಲಿಲ್ಲ. ಒಮ್ಮೆ ಎಕ್ಸ್ ಶುರುವಾದರೆ ಪಠ್ಯ ಪರದೆಗೆ ವಾಪಸು ಬರುವ ದಾರಿಯಿಲ್ಲ. ಇದನ್ನು ಸರಿಪಡಿಸಲು ಡ್ರೈವರ್ ತಿದ್ದಿದರೆ ಸಾಲದೆ ವಿಟಿ ಎಂಬ ಹೊಸ ಕನ್ಸೋಲನ್ನೇ ಬರೆಯಬೇಕಾಯಿತು. ಅದು ಬಿಡುಗಡೆಗಳಲ್ಲಿ ಕಾಣಿಸಿಕೊಂಡದ್ದು 2014ರಲ್ಲಿ. ಒಂದು ಡ್ರೈವರ್ ತರಲು ಹೋದವರು ಮೆಮೊರಿ, ಕನ್ಸೋಲ್, ಪ್ಯಾಕೇಜಿಂಗ್ ಎಲ್ಲವನ್ನೂ ಮುಟ್ಟಬೇಕಾಯಿತು ಎಂಬುದು ಗಮನಿಸಬೇಕಾದ ಅಂಶ. ಜಾನ್-ಸೆಬಾಸ್ಟಿಯನ್ ಪೆದ್ರೋನ್ ಅಳವಡಿಸಿದ ರೇಡಿಯಾನ್ ಡ್ರೈವರ್ 2014ರ ಜನವರಿಯ 10.0ರಲ್ಲಿ ಬಂತು.

ಒಮ್ಮೆ ತಂದಾಯಿತಲ್ಲ, ಮುಂದೇನು ಕಷ್ಟ ಎಂದು ಕೇಳಬಹುದು. 2013ರ ಜೂನಿನಲ್ಲಿ ಬಂದ ಹ್ಯಾಸ್ವೆಲ್ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಅದರ ಬೆಂಬಲ ಅಧಿಕೃತವಾಗಿ ಫ್ರೀಬಿಎಸ್‌ಡಿಗೆ ಬಂದದ್ದು 2016ರ ಅಕ್ಟೋಬರಿನ 11.0ರಲ್ಲಿ. ಸ್ಯಾಂಡಿ ಬ್ರಿಡ್ಜಿಗೆ ಸುಮಾರು ಎರಡು ವರ್ಷ ತಡ, ಹ್ಯಾಸ್ವೆಲ್ಲಿಗೆ ಮೂರಕ್ಕಿಂತ ಹೆಚ್ಚು. ಅಂತರ ಕಡಿಮೆಯಾಗುವ ಬದಲು ಬೆಳೆಯುತ್ತಿತ್ತು. ಕಾರಣ ಸರಳ: ಲಿನಕ್ಸ್ ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ತರುತ್ತದೆ, ಮತ್ತು ತನ್ನ ಕರ್ನಲ್ಲಿನ ಒಳಗಿನ ಇಂಟರ್‌ಫೇಸುಗಳನ್ನು ಸ್ಥಿರವಾಗಿಡುವ ಭರವಸೆ ಕೊಡುವುದಿಲ್ಲ. ಈ ನಿಲುವನ್ನು ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಬರೆದ ದಾಖಲೆಯೊಂದು ಕರ್ನಲ್ಲಿನ ಜತೆಯಲ್ಲೇ ಸಾರುತ್ತದೆ. ಲಿನಕ್ಸಿನ ಒಳಗಿರುವ ಡ್ರೈವರಿಗೆ ಇದರಿಂದ ತೊಂದರೆಯಿಲ್ಲ. ಇಂಟರ್‌ಫೇಸ್ ಬದಲಿಸುವವರೇ ಎಲ್ಲ ಡ್ರೈವರುಗಳನ್ನೂ ತಿದ್ದುತ್ತಾರೆ. ಹೊರಗಿರುವವರು ಮಾತ್ರ ಪ್ರತಿ ಸಲವೂ ಅಲ್ಲಿ ಬದಲಾದದ್ದನ್ನೆಲ್ಲ ಇಲ್ಲಿ ಕೈಯಾರೆ ಮರುಬರೆಯಬೇಕು. ಕೋಡಿನ ಗಾತ್ರವೂ ಬೆಳೆಯುತ್ತಿತ್ತು. 2020ರ ಹೊತ್ತಿಗೆ ಎಎಂಡಿಯ ಒಂದು ಡ್ರೈವರೇ, ರಿಜಿಸ್ಟರ್ ವಿವರಗಳ ಯಂತ್ರನಿರ್ಮಿತ ಹೆಡರ್ ಕಡತಗಳೂ ಸೇರಿ, ಇಡೀ ಲಿನಕ್ಸ್ ಸೋರ್ಸಿನ ಸುಮಾರು ಹತ್ತನೇ ಒಂದು ಭಾಗವಾಗಿತ್ತು.

ಬಿಡುಗಡೆಯ ದಾರಿ ಬಂದದ್ದು ಗ್ರಾಫಿಕ್ಸಿಗೆ ಯಾವ ಸಂಬಂಧವೂ ಇಲ್ಲದ ದಿಕ್ಕಿನಿಂದ. ಡೇಟಾ ಸೆಂಟರುಗಳ ಇನ್ಫಿನಿಬ್ಯಾಂಡ್ ಜಾಲಕ್ಕೆ ಬೇಕಾದ ಲಿನಕ್ಸ್ ಕೋಡನ್ನು ಫ್ರೀಬಿಎಸ್‌ಡಿಗೆ ತರುವಾಗ ಜೆಫ್ ರಾಬರ್ಸನ್ ಒಂದು ತೆಳುವಾದ ಹೊಂದಾಣಿಕೆಯ ಪದರ ಬರೆದಿದ್ದರು. ಲಿನಕ್ಸಿನ ಡ್ರೈವರ್ ಮೆಮೊರಿ ಕೇಳಿದಾಗ, ಬೀಗ ಹಾಕಿದಾಗ, ಕೆಲಸವನ್ನು ಸರದಿಗೆ ಸೇರಿಸಿದಾಗ ಈ ಪದರ ಆ ಕರೆಯನ್ನು ಹಿಡಿದು ಫ್ರೀಬಿಎಸ್‌ಡಿಯ ಸಮಾನ ಕರೆಗೆ ದಾಟಿಸುತ್ತದೆ. ಮೆಲ್ಲನಾಕ್ಸ್ ಕಂಪನಿಯ ನೆಟ್‌ವರ್ಕ್ ಕಾರ್ಡುಗಳಿಗಾಗಿ ಹಾನ್ಸ್ ಪೆಟರ್ ಸೆಲಾಸ್ಕಿ ಅದನ್ನು ಬೆಳೆಸಿದರು; ಲಿನಕ್ಸ್‌ಕೆಪಿಐ ಎಂಬ ಹೆಸರು ನಿಂತಿತು. 2016ರಲ್ಲಿ ಮ್ಯಾಟ್ ಮೇಸಿ ಈ ಪದರವನ್ನು ವಿಸ್ತರಿಸಿ ಇಂಟೆಲ್ ಮತ್ತು ಎಎಂಡಿ ಗ್ರಾಫಿಕ್ಸ್ ಡ್ರೈವರುಗಳನ್ನು ಬಹುತೇಕ ಇದ್ದ ಹಾಗೆಯೇ ಅದರ ಮೇಲೆ ಕೂರಿಸಿದರು. ಡ್ರೈವರನ್ನು ಮರುಬರೆಯುವ ಬದಲು, ಡ್ರೈವರಿಗೆ ಲಿನಕ್ಸಿನಂತೆ ಕಾಣುವ ನೆಲವನ್ನು ಒದಗಿಸುವುದು ಇಲ್ಲಿನ ಉಪಾಯ. ಎಲ್ಲವೂ ಹೆಸರು ಬದಲಿಸಿದಷ್ಟು ಸುಲಭವಲ್ಲ. ಲಿನಕ್ಸಿನ ಆರ್‌ಸಿಯು, ಅಂದರೆ ಓದುವವರಿಗೆ ಬೀಗವಿಲ್ಲದೆ ದತ್ತಾಂಶ ಬದಲಿಸುವ ವಿಧಾನಕ್ಕೆ ಫ್ರೀಬಿಎಸ್‌ಡಿಯಲ್ಲಿ ನೇರ ಸಮಾನ ಇರಲಿಲ್ಲ; ಕಾನ್‌ಕರೆನ್ಸಿಕಿಟ್ ಎಂಬ ಲೈಬ್ರರಿಯ ಇಪಾಕ್ ಸೌಲಭ್ಯದ ಮೇಲೆ ಅದನ್ನು ಕಟ್ಟಬೇಕಾಯಿತು.

ಇದು ಸಾಧ್ಯವಾದದ್ದಕ್ಕೆ ಇನ್ನೊಂದು ಷರತ್ತು ಇತ್ತು. ಲಿನಕ್ಸ್ ಕರ್ನಲ್ ಒಟ್ಟಾರೆ ಜಿಪಿಎಲ್ ಅಡಿಯಲ್ಲಿದ್ದರೂ ಅದರ ಗ್ರಾಫಿಕ್ಸ್ ಡ್ರೈವರುಗಳ ಬಹುಭಾಗ ಎಂಐಟಿ ಲೈಸೆನ್ಸಿನಲ್ಲಿದೆ. ಎಕ್ಸ್ ಕಾಲದ ಹಂಚಿಕೆಯ ಬಾಳಿನಿಂದ ಉಳಿದು ಬಂದ ರೂಢಿ ಇದು. ಕೋಡು ಮನೆ ಬದಲಿಸಿತು, ಲೈಸೆನ್ಸ್ ಬದಲಿಸಲಿಲ್ಲ. ಬದಲಿಸಿದ್ದರೆ ಬಿಎಸ್‌ಡಿಗಳ ಗ್ರಾಫಿಕ್ಸ್ ಚರಿತ್ರೆ 2009ಕ್ಕೇ ಮುಗಿಯುತ್ತಿತ್ತೇನೋ.

ಲಿನಕ್ಸ್‌ಕೆಪಿಐ ಬಂದ ಮೇಲೆ ಅಂತರ ಬೆಳೆಯುವುದು ನಿಂತಿತು, ಆದರೆ ಮಾಯವಾಗಲಿಲ್ಲ. 2023ರ ನವೆಂಬರಿನಲ್ಲಿ ಫ್ರೀಬಿಎಸ್‌ಡಿ 14.0 ಬಂದಾಗ ಅದರ ಜತೆ ಹೋಗುತ್ತಿದ್ದ ಗ್ರಾಫಿಕ್ಸ್ ಪ್ಯಾಕೇಜ್ ಲಿನಕ್ಸ್ 5.15ರದ್ದು, ಆ ಲಿನಕ್ಸ್ ಹೊರಬಂದದ್ದು 2021ರ ಅಕ್ಟೋಬರಿನಲ್ಲಿ. ಎರಡು ವರ್ಷ. ಇದರ ಜತೆಗೆ ಬೇರೊಂದು ತೊಡಕು ಹುಟ್ಟಿತು. ಡ್ರೈವರುಗಳು ಮೂಲ ವ್ಯವಸ್ಥೆಯಿಂದ ಹೊರಬಿದ್ದು ಪ್ಯಾಕೇಜುಗಳಾದವು, 13.0ರ ಹೊತ್ತಿಗೆ ಪಿಸಿ ಗ್ರಾಫಿಕ್ಸಿನ ಹಳೆಯ ಕೋಡನ್ನು ಮೂಲದಿಂದ ತೆಗೆದಾಗಿತ್ತು. ಫ್ರೀಬಿಎಸ್‌ಡಿಯ ಸಿದ್ಧ ಪ್ಯಾಕೇಜುಗಳು ಒಂದು ಶಾಖೆಯಲ್ಲಿ ಬೆಂಬಲವಿರುವ ಅತಿ ಹಳೆಯ ಉಪ-ಆವೃತ್ತಿಯ ಮೇಲೆ ಕಂಪೈಲ್ ಆಗುತ್ತವೆ. ಬ್ರೌಸರಿಗೋ ಎಡಿಟರಿಗೋ ಇದರಿಂದ ಏನೂ ಆಗದು. ಕರ್ನಲ್ಲಿನೊಳಗೆ ಕೂರುವ, ಅದರಲ್ಲೂ ಸದಾ ಬದಲಾಗುವ ಲಿನಕ್ಸ್‌ಕೆಪಿಐ ಮೇಲೆ ನಿಂತ ಡ್ರೈವರಿಗೆ ಆಗುತ್ತದೆ. ಹೊಸ ಉಪ-ಆವೃತ್ತಿಗೆ ಶ್ರದ್ಧೆಯಿಂದ ಏರಿದವರ ಪರದೆ ಹೋಗುತ್ತಿತ್ತು, ಹಳೆಯದರ ಬೆಂಬಲ ಮುಗಿಯುವವರೆಗೆ ಸೋರ್ಸಿನಿಂದ ತಾವೇ ಕಂಪೈಲ್ ಮಾಡಿಕೊಳ್ಳಬೇಕಿತ್ತು. ವರ್ಷಗಟ್ಟಲೆ ಗೊತ್ತಿದ್ದ ಈ ದೋಷಕ್ಕೆ ಕರ್ನಲ್ ಮಾಡ್ಯೂಲುಗಳದೇ ಪ್ರತ್ಯೇಕ ಭಂಡಾರ ಎಂಬ ಪರಿಹಾರ 2024ರ ಡಿಸೆಂಬರಿನ 14.2ರ ಜತೆ ಬಂತು. ಇದರಲ್ಲಿ ಕಾರ್ಡ್ ತಯಾರಕರ ತಪ್ಪೇನೂ ಇರಲಿಲ್ಲ. ಮನೆಯೊಳಗಿನ ಆಲಸ್ಯ ಎನ್ನದೆ ಬೇರೆ ದಾರಿಯಿಲ್ಲ.

ಓಪನ್‌ಬಿಎಸ್‌ಡಿಯನ್ನು ಪಕ್ಕದಲ್ಲಿಟ್ಟರೆ ಈ ಮಾತು ಸ್ಪಷ್ಟವಾಗುತ್ತದೆ. ಬಳಕೆದಾರರ ಸಂಖ್ಯೆಯಲ್ಲಾಗಲೀ ಹಣದಲ್ಲಾಗಲೀ ಅದು ಫ್ರೀಬಿಎಸ್‌ಡಿಗಿಂತ ದೊಡ್ಡದಲ್ಲ. ಅಲ್ಲಿಯೂ ಡ್ರೈವರುಗಳು ಲಿನಕ್ಸಿನಿಂದಲೇ ಬರುತ್ತವೆ, ಆದರೆ ದೀರ್ಘಕಾಲ ಬೆಂಬಲವಿರುವ ಲಿನಕ್ಸ್ ಆವೃತ್ತಿಯೊಂದನ್ನು ಆಯ್ದು, ಅದರ ಗ್ರಾಫಿಕ್ಸ್ ಕೋಡನ್ನು ತಮ್ಮ ಕರ್ನಲ್ಲಿನ ಸೋರ್ಸಿನೊಳಗೇ ಸೇರಿಸುತ್ತಾರೆ. ಕರ್ನಲ್ಲೂ ಡ್ರೈವರೂ ಒಟ್ಟಿಗೆ ಹೊರಡುವುದರಿಂದ ಹೊಂದಿಕೆಯಾಗದ ಪ್ರಶ್ನೆಯೇ ಇಲ್ಲ. 2019ರ ಅಕ್ಟೋಬರಿನ 6.6ರಲ್ಲಿ ಎಎಂಡಿಯ ಹೊಸ ಡ್ರೈವರ್ ಹೀಗೆ ಸೇರಿತು. ಈ ಕ್ರಮದ ಭಾರವನ್ನು ಮುಖ್ಯವಾಗಿ ಜೊನಾಥನ್ ಗ್ರೇ, ಮಾರ್ಕ್ ಕೆಟೆನಿಸ್ ಮುಂತಾದ ಬೆರಳೆಣಿಕೆಯ ಜನ ಹೊತ್ತಿದ್ದಾರೆ. ಸೋರ್ಸ್ ಇಲ್ಲದ ಡ್ರೈವರನ್ನು ಅದು ಒಪ್ಪುವುದಿಲ್ಲವಾದ್ದರಿಂದ ಎನ್ವಿಡಿಯಾ ಕಾರ್ಡುಳ್ಳವರಿಗೆ ಅಲ್ಲಿ ವೇಗವರ್ಧನೆ ಇಲ್ಲ. ನೆಟ್‌ಬಿಎಸ್‌ಡಿ 2024ರಲ್ಲಿ ತಂದ 10ನೇ ಆವೃತ್ತಿಯ ಗ್ರಾಫಿಕ್ಸ್ ಕೋಡ್ ಲಿನಕ್ಸ್ 5.6ರದು. ಬೀಓಎಸ್‌ನ ವಾರಸುದಾರ ಹೈಕು ಪರದೆಯ ವಿಧಾನಗಳಿಗೆ ತನ್ನದೇ ಡ್ರೈವರುಗಳನ್ನು ಬರೆದುಕೊಂಡು, ಮೂರು ಆಯಾಮದ ಚಿತ್ರಣವನ್ನು ಬಹುಕಾಲ ಪ್ರೊಸೆಸರಿನಿಂದಲೇ ಮಾಡಿಸಿತು.

ಎನ್ವಿಡಿಯಾದ ಪ್ರಕರಣ ನನ್ನ ವಾದವನ್ನು ಪರೀಕ್ಷಿಸಲು ಒಳ್ಳೆಯ ಜಾಗ. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಲೀನಸ್ ಟೋರ್ವಾಲ್ಡ್ಸ್ ಬೆರಳು ತೋರಿಸಿ ಬೈದದ್ದು ಈ ಕಂಪನಿಯನ್ನೇ. ಅದೇ ಹೊತ್ತಿನಲ್ಲಿ ಫ್ರೀಬಿಎಸ್‌ಡಿ ಡೆಸ್ಕ್‌ಟಾಪ್ ಬೇಕೆಂದವರಿಗೆ ಬಲ್ಲವರು ಕೊಡುತ್ತಿದ್ದ ಸಲಹೆ, ಎನ್ವಿಡಿಯಾ ಕಾರ್ಡ್ ಕೊಳ್ಳಿ ಎಂದು. 2002ರಿಂದಲೇ ಕಂಪನಿ ಫ್ರೀಬಿಎಸ್‌ಡಿಗೆ ಮುಚ್ಚಿದ ಡ್ರೈವರ್ ಕೊಡುತ್ತಿತ್ತು. ದಯೆಯಿಂದಲ್ಲ, ಅದರ ಡ್ರೈವರಿನ ತಿರುಳು ಯಾವ ಆಪರೇಟಿಂಗ್ ಸಿಸ್ಟಮ್ಮಿಗೂ ಸೇರದೆ ಪ್ರತ್ಯೇಕವಾಗಿತ್ತು, ಪ್ರತಿ ವ್ಯವಸ್ಥೆಗೂ ಒಂದು ಸಣ್ಣ ಹೊರಪದರ ಬರೆದರೆ ಸಾಕಿತ್ತು. ತಿರುಳು ಲಿನಕ್ಸಿನೊಳಗೆ ಬೇರು ಬಿಡದ್ದರಿಂದಲೇ ಅದು ಫ್ರೀಬಿಎಸ್‌ಡಿಗೂ ಬಂತು. ಈ ಏರ್ಪಾಟಿಗೂ ಬೆಲೆಯಿತ್ತು. 64 ಬಿಟ್ ಡ್ರೈವರ್ ಕೊಡಲು ಕರ್ನಲ್ಲಿನಲ್ಲಿ ಏನೇನು ಬೇಕು ಎಂಬ ಪಟ್ಟಿಯನ್ನು ಕಂಪನಿಯ ಎಂಜಿನಿಯರ್ 2006ರಲ್ಲೇ ಮುಂದಿಟ್ಟಿದ್ದರು: ಮೆಮೊರಿಯ ಪುಟಗಳಿಗೆ ಬೇರೆಬೇರೆ ಕ್ಯಾಷ್ ಗುಣ ಕೊಡುವುದು, ಸಾಧನದ ಮೆಮೊರಿಯನ್ನು ಪ್ರೋಗ್ರಾಂಗೆ ತೋರಿಸುವ ವಿಧಾನವನ್ನು ಸಡಿಲಗೊಳಿಸುವುದು ಮುಂತಾದವು. ಜಾನ್ ಬಾಲ್ಡ್‌ವಿನ್ ಮತ್ತಿತರರು ಅವನ್ನು ಮುಗಿಸಿದ ಮೇಲೆ 2009ರ ಕೊನೆಯಲ್ಲಿ ಡ್ರೈವರ್ ಬಂತು. ತಡವಾದದ್ದು ಈ ಸಲ ಕಂಪನಿಯ ಕಡೆಯಿಂದಲ್ಲ. ಇತ್ತ, ಫ್ರೀಬಿಎಸ್‌ಡಿ ಪ್ಯಾಕೇಜಿನಲ್ಲಿ ಕುಡಾ ಇಲ್ಲ. ಗ್ರಾಫಿಕ್ಸ್ ಕಾರ್ಡನ್ನು ಲೆಕ್ಕಾಚಾರಕ್ಕೆ ಬಳಸುವವರಿಗೆ ಅದು ದೊಡ್ಡ ಕೊರತೆ.

ಜನಪ್ರಿಯತೆಯೇ ಕಾರಣ ಎನ್ನುವವರಿಗೆ ಇನ್ನೊಂದು ಸಾಕ್ಷ್ಯವನ್ನು ಎದುರಿಡಬೇಕು. 2013ರ ನವೆಂಬರಿನಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್ 4ರ ಆಪರೇಟಿಂಗ್ ಸಿಸ್ಟಂ ಫ್ರೀಬಿಎಸ್‌ಡಿ 9ರಿಂದ ಕಟ್ಟಿದ್ದು, ಅದರ ಗ್ರಾಫಿಕ್ಸ್ ಚಿಪ್ ಎಎಂಡಿ ರೇಡಿಯಾನ್ ವಂಶದ್ದು. ಹತ್ತು ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಅಂದರೆ ಫ್ರೀಬಿಎಸ್‌ಡಿ ಮೂಲದ ಕರ್ನಲ್ ಮೇಲೆ ಎಎಂಡಿ ಗ್ರಾಫಿಕ್ಸ್ ಅತ್ಯುತ್ತಮವಾಗಿ ಓಡುತ್ತಿದ್ದ ಹತ್ತು ಕೋಟಿ ಪೆಟ್ಟಿಗೆಗಳು ಜಗತ್ತಿನಲ್ಲಿದ್ದವು. ಆ ಡ್ರೈವರ್ ಫ್ರೀಬಿಎಸ್‌ಡಿಗೆ ಮರಳಿ ಬರಲಿಲ್ಲ. ಬಿಎಸ್‌ಡಿ ಲೈಸೆನ್ಸ್ ಮರಳಿಸು ಎಂದು ಕೇಳುವುದೂ ಇಲ್ಲ. ಪೆದ್ರೋನ್ ಅವರ ಡ್ರೈವರ್ ಬಿಡುಗಡೆಯಾದದ್ದು ಪ್ಲೇಸ್ಟೇಷನ್ನಿನ ಎರಡು ತಿಂಗಳ ನಂತರ, ಲಿನಕ್ಸಿನಿಂದ ತಂದ ಕೋಡಿನಿಂದ.

ನೆಟ್‌ವರ್ಕ್ ಕಾರ್ಡುಗಳ ಕಥೆ ತದ್ವಿರುದ್ಧ. ಇಂಟೆಲ್, ಚೆಲ್ಸಿಯೊ, ಮೆಲ್ಲನಾಕ್ಸ್ ಕಂಪನಿಗಳ ಎಂಜಿನಿಯರುಗಳೇ ಫ್ರೀಬಿಎಸ್‌ಡಿ ಸೋರ್ಸಿನೊಳಗೆ ಡ್ರೈವರುಗಳನ್ನು ಬರೆದು ಕಾಪಾಡುತ್ತಾರೆ, ಏಕೆಂದರೆ ನೆಟ್‌ಫ್ಲಿಕ್ಸಿನಂಥ ಗ್ರಾಹಕರು ಸಿನಿಮಾಗಳನ್ನು ಫ್ರೀಬಿಎಸ್‌ಡಿ ಯಂತ್ರಗಳಿಂದ ಹರಿಸುತ್ತಾರೆ. ಒಂದೇ ಯಂತ್ರದಿಂದ ಸೆಕೆಂಡಿಗೆ 400 ಗಿಗಾಬಿಟ್ ಹರಿಸಿದ ಪ್ರಯೋಗವನ್ನು ಅವರ ಎಂಜಿನಿಯರ್ 2021ರಲ್ಲಿ ವಿವರಿಸಿದ್ದಾರೆ. ಮೆಲ್ಲನಾಕ್ಸ್ 2020ರಿಂದ ಎನ್ವಿಡಿಯಾದ ಸ್ವತ್ತು. ಹಾಗಾಗಿ ಒಂದೇ ಕಂಪನಿಯ ನೆಟ್‌ವರ್ಕ್ ಡ್ರೈವರ್ ಫ್ರೀಬಿಎಸ್‌ಡಿಯೊಳಗೆ ತೆರೆದ ಸೋರ್ಸಿನಲ್ಲಿದೆ, ಗ್ರಾಫಿಕ್ಸ್ ಡ್ರೈವರ್ ಹೊರಗೆ ಪ್ಯಾಕೇಜಿನಲ್ಲಿದೆ. ಬಳಕೆದಾರರು ಎಷ್ಟು ಎಂಬ ಪ್ರಶ್ನೆಯನ್ನು ಬಿಟ್ಟು, ಡ್ರೈವರ್ ಬರೆಯುವವರ ಸಂಬಳ ಯಾವ ಬಳಕೆಯಿಂದ ಹುಟ್ಟುತ್ತದೆ ಎಂದು ಕೇಳಿದರೆ ಈ ಎರಡೂ ಒಟ್ಟಿಗೆ ಅರ್ಥವಾಗುತ್ತವೆ. ಲ್ಯಾಪ್‌ಟಾಪ್ ಪರದೆಗೆ ಅಂಥ ಸಂಬಳದಾತರು ಇರಲಿಲ್ಲ. 2024ರ ಕೊನೆಯಲ್ಲಿ ಕ್ವಾಂಟಂ ಲೀಪ್ ರಿಸರ್ಚ್ ಸಂಸ್ಥೆಯೊಂದಿಗೆ ಸೇರಿ 7,50,000 ಡಾಲರುಗಳನ್ನು ಲ್ಯಾಪ್‌ಟಾಪ್ ಬೆಂಬಲಕ್ಕೆ ಹಾಕುವುದಾಗಿ ಫೌಂಡೇಷನ್ ಘೋಷಿಸಿದ್ದು ಈ ಖಾಲಿ ಜಾಗಕ್ಕೆ.

ಕೋಡಿನ ಜಾಗ ಈಗ ಮತ್ತೊಮ್ಮೆ ಬದಲಾಗುತ್ತಿದೆ. 2018ರ ಟ್ಯೂರಿಂಗ್ ಪೀಳಿಗೆಯಿಂದ ಎನ್ವಿಡಿಯಾ ತನ್ನ ಕಾರ್ಡಿನೊಳಗೆ ಜಿಎಸ್‌ಪಿ ಎಂಬ ಪುಟ್ಟ ಪ್ರೊಸೆಸರ್ ಇಟ್ಟಿದೆ. ಹಿಂದೆ ಕರ್ನಲ್ ಡ್ರೈವರ್ ಮಾಡುತ್ತಿದ್ದ ಬಹಳಷ್ಟು ಕೆಲಸ ಅದರ ಫರ್ಮ್‌ವೇರಿಗೆ ಸರಿದಿದೆ. 2022ರ ಮೇ ತಿಂಗಳಲ್ಲಿ ಕಂಪನಿ ಕರ್ನಲ್ ಭಾಗವನ್ನು ಎಂಐಟಿ ಮತ್ತು ಜಿಪಿಎಲ್ ಎರಡೂ ಲೈಸೆನ್ಸುಗಳಲ್ಲಿ ತೆರೆದದ್ದರ ಹಿಂದೆ ಈ ಬದಲಾವಣೆಯಿದೆ. ಕಾರ್ಡಿನ ತಿಳಿವಳಿಕೆ ಕಾರ್ಡಿನಲ್ಲೇ ಇದ್ದರೆ ಯಾವ ಕರ್ನಲ್ಲೂ ಅದರೊಂದಿಗೆ ಸಂದೇಶ ವಿನಿಮಯ ಮಾಡಿಕೊಂಡರೆ ಸಾಕು, ಹಳೆಯ ಎಕ್ಸ್ ಕಾಲದ ಸಮಾನತೆ ಬೇರೆ ರೂಪದಲ್ಲಿ ಮರಳೀತು ಎಂದು ಲೆಕ್ಕ ಹಾಕುವವರಿದ್ದಾರೆ. ನನಗೆ ಅಷ್ಟು ಭರವಸೆಯಿಲ್ಲ, ಏಕೆಂದರೆ ಆ ಸಂದೇಶಗಳ ರೂಪ ಫರ್ಮ್‌ವೇರಿನ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಸ್ಥಿರವಾಗಿಡುವ ವಚನವನ್ನು ಕಂಪನಿ ಕೊಟ್ಟಿಲ್ಲ. 2024ರ ಜನವರಿಯ ಲಿನಕ್ಸ್ 6.7ರಲ್ಲಿ ಸಮುದಾಯದ ನೂವೋ ಡ್ರೈವರ್ ಜಿಎಸ್‌ಪಿಯನ್ನು ಬಳಸತೊಡಗಿದಾಗ ಅದು 535.113.01 ಎಂಬ ಒಂದೇ ಒಂದು ಫರ್ಮ್‌ವೇರಿಗೆ ತನ್ನನ್ನು ಕಟ್ಟಿಹಾಕಿಕೊಳ್ಳಬೇಕಾಯಿತು. ಲಿನಕ್ಸಿನ ಒಳಗಿನ ಡ್ರೈವರಿಗೇ ಇಷ್ಟು ಇಕ್ಕಟ್ಟು ಇರುವಾಗ, ಅದರ ಹೊರಗೆ ಹೊಂದಾಣಿಕೆಯ ಪದರದ ಮೇಲೆ ನಿಂತಿರುವವರು ಹಿಂಬಾಲಿಸಬೇಕಾದ ಆವೃತ್ತಿಗಳು ಇನ್ನು ಒಂದಲ್ಲ, ಎರಡು: ಲಿನಕ್ಸಿನದು ಮತ್ತು ಫರ್ಮ್‌ವೇರಿನದು.